ಹಳೆಯ ಪಿನ್‌ಬಾಲ್ ಯಂತ್ರದ ಫ್ಲಿಪ್ಪರ್ ಸೋತರೆ ಕಾಯಿಲ್ ಬದಲಿಸಲೇಬೇಕೇ?

ಸಾರಾಂಶ

ಹಳೆಯ ಪಿನ್‌ಬಾಲ್ ಯಂತ್ರದ ಫ್ಲಿಪ್ಪರ್ ಬಲ ಕಳೆದುಕೊಂಡರೆ ಸಾಮಾನ್ಯವಾಗಿ ಮೂರು ಸಲಹೆಗಳು ಸಿಗುತ್ತವೆ: ಕಾಯಿಲ್‌ಗೆ ವಯಸ್ಸಾಗಿದೆ, ಬದಲಿಸಿ; ಸ್ವಲ್ಪ ಎಣ್ಣೆ ಬಿಡಿ; ಫ್ಯೂಸ್ ಹೋಗುತ್ತಿದ್ದರೆ ದೊಡ್ಡದನ್ನು ಹಾಕಿ. ನಾವು ಈ ಮೂರನ್ನೂ ಪರಿಶೀಲಿಸಿದ್ದೇವೆ. ಮೊದಲನೆಯದು ಬಹುಮಟ್ಟಿಗೆ ತಪ್ಪು, ಎರಡನೆಯದರಿಂದ ಯಂತ್ರಕ್ಕೆ ಹಾನಿ, ಮೂರನೆಯದು ಅಪಾಯಕಾರಿ.

ಫ್ಲಿಪ್ಪರ್ ಎಂದರೇನು?

ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್‌ನಲ್ಲಿ ಪಿನ್‌ಬಾಲ್ ಆಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಪರದೆಯ ಕೆಳಭಾಗದಲ್ಲಿದ್ದ ಎರಡು ಪುಟ್ಟ ಕೈಗಳು ಕೀ ಒತ್ತಿದ ಕೂಡಲೇ ಚೆಂಡನ್ನು ಮೇಲಕ್ಕೆ ಹೊಡೆಯುತ್ತಿದ್ದವು. ಅವೇ ಫ್ಲಿಪ್ಪರ್‌ಗಳು. ಕಂಪ್ಯೂಟರ್‌ನಲ್ಲಿ ಅವು ಸವೆಯುವುದಿಲ್ಲ. ನಿಜವಾದ ಯಂತ್ರದಲ್ಲಾದರೋ ಒಂದೊಂದು ಆಟದಲ್ಲೂ ಅವಕ್ಕೆ ನೂರಾರು ಪೆಟ್ಟು.

ಮೊದಮೊದಲು ಈ ಯಂತ್ರಗಳಲ್ಲಿ ಫ್ಲಿಪ್ಪರ್ ಇರಲಿಲ್ಲ. ಚೆಂಡನ್ನು ಬಿಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಹೆಚ್ಚುಕಡಿಮೆ ಅದೃಷ್ಟಕ್ಕೆ ಬಿಟ್ಟದ್ದು. ಹೀಗಾಗಿ ಇದನ್ನು ಜೂಜು ಎಂದು ನೋಡಲಾಗುತ್ತಿತ್ತು. ನ್ಯೂಯಾರ್ಕ್ ನಗರ 1942ರಲ್ಲಿ ಇದನ್ನು ನಿಷೇಧಿಸಿತು. 1947ರಲ್ಲಿ ಷಿಕಾಗೋದ ಗಾಟ್ಲೀಬ್ ಕಂಪನಿ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರವನ್ನು ತಂದಿತು. ಹ್ಯಾರಿ ಮ್ಯಾಬ್ಸ್ ವಿನ್ಯಾಸ ಮಾಡಿದ ಅದರಲ್ಲಿ ವಿದ್ಯುತ್ತಿನಿಂದ ಆಡುವ ಆರು ಫ್ಲಿಪ್ಪರ್‌ಗಳಿದ್ದವು. ಅಲ್ಲಿಂದ ಇದು ಕೈಚಳಕದ ಆಟವಾಯಿತು. 1976ರಲ್ಲಿ ರೋಜರ್ ಶಾರ್ಪ್ ನ್ಯೂಯಾರ್ಕ್ ನಗರಸಭೆಯವರ ಮುಂದೆ ಆಡಿ ತೋರಿಸಿದ್ದೂ ಅದನ್ನೇ. ನಿಷೇಧ ತೆರವಾಯಿತು. ಫ್ಲಿಪ್ಪರ್ ಸೋತರೆ ಆಟ ಮತ್ತೆ ಅದೃಷ್ಟದ ಪಾಲಾಗುತ್ತದೆ.

ಒಂದು ಕಾಯಿಲ್‌ನಲ್ಲಿ ಎರಡು ಸುರುಳಿ ಏಕೆ?

ಫ್ಲಿಪ್ಪರ್‌ನ ಕೆಳಗೆ, ಹಲಗೆಯ ಹಿಂಬದಿಯಲ್ಲಿ, ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್ ಇರುತ್ತದೆ. ಕರೆಂಟ್ ಹರಿದಾಗ ಅದು ಅಯಸ್ಕಾಂತವಾಗಿ ಪ್ಲಂಜರ್ ಎಂಬ ಕಬ್ಬಿಣದ ಸರಳನ್ನು ಒಳಕ್ಕೆ ಎಳೆಯುತ್ತದೆ. ಸರಳಿಗೆ ಜೋಡಿಸಿದ ಫ್ಲಿಪ್ಪರ್ ಮೇಲೇಳುತ್ತದೆ.

ಈ ಕಾಯಿಲ್‌ನಲ್ಲಿ ವಾಸ್ತವವಾಗಿ ಎರಡು ಸುರುಳಿಗಳಿವೆ. ದಪ್ಪ ತಂತಿಯದು ಹೊಡೆಯಲು, ಸಣ್ಣ ತಂತಿಯದು ಮೇಲೆದ್ದ ಫ್ಲಿಪ್ಪರನ್ನು ಹಿಡಿದಿಡಲು. ಕಾರಿನ ಸ್ಟಾರ್ಟರ್ ಸೊಲೆನಾಯ್ಡ್ ಬಿಚ್ಚಿದ ಮೆಕ್ಯಾನಿಕ್‌ಗೆ ಇದು ಹೊಸದಲ್ಲ. ಅಲ್ಲಿಯೂ ಎಳೆಯುವ ಮತ್ತು ಹಿಡಿಯುವ ಎರಡು ಸುರುಳಿಗಳಿರುತ್ತವೆ.

1980ರ ದಶಕದ 50 ವೋಲ್ಟ್ ಡಿಸಿ ಯಂತ್ರವೊಂದನ್ನು ತೆಗೆದುಕೊಂಡು ಸುಮಾರಾಗಿ ಲೆಕ್ಕ ಹಾಕೋಣ. ಹೊಡೆಯುವ ಸುರುಳಿಯ ರೋಧ 5 ಓಮ್ ಎಂದರೆ 10 ಆಂಪಿಯರ್ ಹರಿಯುತ್ತದೆ, ಅಂದರೆ 500 ವಾಟ್. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕಾಯಿಲ್‌ಗೆ ಅಡುಗೆಮನೆಯ ಮಿಕ್ಸಿಯಷ್ಟು ಶಕ್ತಿ! ಕ್ಷಣಮಾತ್ರಕ್ಕೆ ಸರಿ, ಹತ್ತಾರು ಸೆಕೆಂಡ್ ಹರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಹಿಡಿಯುವ ಸುರುಳಿಯ ರೋಧ 150 ಓಮ್ ಆದರೆ ಶಕ್ತಿ ಸುಮಾರು 17 ವಾಟ್ ಮಾತ್ರ. 1950–60ರ ದಶಕದ ಯಂತ್ರಗಳಲ್ಲಿ ವೋಲ್ಟೇಜ್ ಇದಕ್ಕಿಂತ ಕಡಿಮೆ, ತತ್ವ ಅದೇ.

ಹೊಡೆತ ಮುಗಿದ ಕೂಡಲೇ ದೊಡ್ಡ ಕರೆಂಟನ್ನು ತಡೆಯುವುದು ಒಂದು ಪುಟ್ಟ ಸ್ವಿಚ್. ಹೆಸರು ಎಂಡ್-ಆಫ್-ಸ್ಟ್ರೋಕ್ ಸ್ವಿಚ್, ಚಿಕ್ಕದಾಗಿ ಇಓಎಸ್. ಫ್ಲಿಪ್ಪರ್ ಕೆಳಗಿರುವಾಗ ಅದರ ಎರಡು ಪಾಯಿಂಟ್‌ಗಳು ಕೂಡಿಕೊಂಡಿರುತ್ತವೆ. ಫ್ಲಿಪ್ಪರ್ ಪೂರ್ತಿ ಮೇಲೆದ್ದಾಗ ಒಂದೆರಡು ಮಿಲಿಮೀಟರ್ ಬೇರೆಯಾಗುತ್ತವೆ. ಹೆಚ್ಚಿನ ತೊಂದರೆಗಳ ಮೂಲ ಇಲ್ಲಿಯೇ.

ಕಾಯಿಲ್‌ಗೆ ವಯಸ್ಸಾಗುತ್ತದೆಯೇ?

ಇಲ್ಲ. ತಾಮ್ರದ ತಂತಿ ವರ್ಷ ಕಳೆದಂತೆ ನಿಧಾನವಾಗಿ ಬಲ ಕಳೆದುಕೊಳ್ಳುವುದಿಲ್ಲ. ಕಾಯಿಲ್ ಕೆಡುವುದು ತಂತಿ ತುಂಡಾದಾಗ ಅಥವಾ ಸುಟ್ಟು ಸುರುಳಿಗಳು ಒಂದಕ್ಕೊಂದು ತಾಗಿದಾಗ. ಸುಟ್ಟಿದ್ದರೆ ಸುತ್ತಿದ ಕಾಗದ ಕಪ್ಪಾಗಿರುತ್ತದೆ, ವಾಸನೆಯೂ ಹೇಳುತ್ತದೆ.

ಹಾಗಾದರೆ ಬಲ ಎಲ್ಲಿಗೆ ಹೋಯಿತು? ಇಓಎಸ್ ಪಾಯಿಂಟ್‌ಗಳು ಬೇರೆಯಾದಾಗಲೆಲ್ಲ ಸಣ್ಣ ಕಿಡಿ ಹಾರುತ್ತದೆ. ಅಲ್ಲಿ ಮಸಿ ಕೂರುತ್ತದೆ, ಲೋಹ ಗುಳಿ ಬೀಳುತ್ತದೆ. ಆಟಗಾರ ಒತ್ತುವ ಗುಂಡಿಯ ಹಿಂದಿನ ಸ್ವಿಚ್‌ನಲ್ಲೂ ಇದೇ ಕಥೆ. ಈ ಮಸಿಯ ರೋಧ ಬರೀ 2 ಓಮ್ ಎಂದುಕೊಳ್ಳಿ. ಒಟ್ಟು ರೋಧ 5ರಿಂದ 7 ಓಮ್ ಆಯಿತು, ಕರೆಂಟ್ 10ರಿಂದ ಸುಮಾರು 7 ಆಂಪಿಯರ್‌ಗೆ ಇಳಿಯಿತು. ಕಾಯಿಲ್‌ಗೆ ಸಿಗುವ ಶಕ್ತಿ 500 ವಾಟ್‌ನಿಂದ 255 ವಾಟ್‌ಗೆ ಕುಸಿಯಿತು. ಕಣ್ಣಿಗೆ ಕಾಣದಷ್ಟು ಮಸಿ ಅರ್ಧ ಬಲವನ್ನು ನುಂಗಿಬಿಟ್ಟಿತು! ಇಂಥ ಯಂತ್ರಕ್ಕೆ ಹೊಸ ಕಾಯಿಲ್ ಹಾಕಿದರೂ ಫ್ಲಿಪ್ಪರ್ ಹಾಗೆಯೇ ಇರುತ್ತದೆ.

ಲಕ್ಷಣ ನೋಡಿ ಕಾರಣ ಹಿಡಿಯುವುದು ಹೇಗೆ?

ಎರಡೂ ಫ್ಲಿಪ್ಪರ್ ಒಟ್ಟಿಗೆ ಸೋತಿದ್ದರೆ: ಎರಡಕ್ಕೂ ಸಮಾನವಾದ ಫ್ಯೂಸ್, ಕನೆಕ್ಟರ್, ವಿದ್ಯುತ್ ಪೂರೈಕೆಯನ್ನು ಮೊದಲು ನೋಡಿ. ಒಂದೇ ಸೋತಿದ್ದರೆ ತೊಂದರೆ ಅದರ ಬಳಿಯಲ್ಲೇ ಇದೆ.

ಗುಂಡಿ ಒತ್ತಿದರೆ ಫ್ಲಿಪ್ಪರ್ ಅಲುಗಿದಂತೆ ಮಾಡಿ ಸುಮ್ಮನಾದರೆ: ಗುಂಡಿ ಒತ್ತಿಕೊಂಡೇ ಗಾಜಿನ ಕೆಳಗಿನ ಫ್ಲಿಪ್ಪರನ್ನು ಕೈಯಿಂದ ಮೇಲೆತ್ತಿ. ಅಲ್ಲಿಯೇ ನಿಂತರೆ ಹಿಡಿಯುವ ಸುರುಳಿ ಸರಿಯಿದೆ. ದೋಷ ಇಓಎಸ್ ಸ್ವಿಚ್‌ನಲ್ಲಿ ಅಥವಾ ಹೊಡೆಯುವ ಸುರುಳಿಯಲ್ಲಿದೆ.

ಗುಂಡಿ ಒತ್ತಿದಾಗ ಪಟಪಟನೆ ಬಡಿದುಕೊಂಡರೆ: ಹಿಡಿಯುವ ಸುರುಳಿ ತುಂಡಾಗಿರಬಹುದು. ಫ್ಲಿಪ್ಪರ್ ಏಳುತ್ತದೆ, ಇಓಎಸ್ ತೆರೆದುಕೊಳ್ಳುತ್ತದೆ, ಹಿಡಿಯುವವರಿಲ್ಲದೆ ಬೀಳುತ್ತದೆ, ಮತ್ತೆ ಏಳುತ್ತದೆ. ಇಲ್ಲಿ ಕಾಯಿಲ್ ಬದಲಿಸುವ ಸಲಹೆ ಸರಿ. ಆದರೆ ಅದಕ್ಕೆ ಮೊದಲು ತಂತಿಯ ತುದಿಯ ಬೆಸುಗೆ ಬಿಟ್ಟಿದೆಯೇ ನೋಡಿ.

ಮೇಲೇ ಸಿಕ್ಕಿಕೊಂಡರೆ: ಯಂತ್ರ ಆರಿಸಿ. ಬಿದ್ದರೆ ಗುಂಡಿಯ ಪಾಯಿಂಟ್‌ಗಳು ಅಂಟಿಕೊಂಡಿರಬಹುದು. ಆರಿಸಿದರೂ ಬೀಳದಿದ್ದರೆ ಸ್ಪ್ರಿಂಗ್ ಮುರಿದಿದೆ ಅಥವಾ ಪ್ಲಂಜರ್ ಎಲ್ಲೋ ಸಿಕ್ಕಿಕೊಂಡಿದೆ.

ಪಾಯಿಂಟ್‌ಗಳು ಸ್ವಚ್ಛವಾಗಿದ್ದರೂ ಬಲವಿಲ್ಲದಿದ್ದರೆ: ಪ್ಲಂಜರ್‌ನ ತುದಿ ಪೆಟ್ಟು ತಿಂದು ಅಣಬೆಯಂತೆ ಅರಳಿದೆಯೇ, ಕಾಯಿಲ್‌ನ ಒಳಗಿನ ಕೊಳವೆ ಸವೆದಿದೆಯೇ, ಜೋಡಣೆಯ ತೂತು ದೊಡ್ಡದಾಗಿ ಸಡಿಲವಾಗಿದೆಯೇ ಪರೀಕ್ಷಿಸಿ.

ಮಲ್ಟಿಮೀಟರ್‌ನಿಂದ ಖಚಿತಪಡಿಸಿಕೊಳ್ಳುವುದು ಹೇಗೆ?

ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಕಾಯಿಲ್‌ಗೆ ಕರೆಂಟ್ ಬಂದುಹೋಗುವ ಎರಡು ತುದಿಗಳ ನಡುವೆ ರೋಧ ಅಳೆಯಿರಿ. ಫ್ಲಿಪ್ಪರ್ ಕೆಳಗಿರುವಾಗ ಕೆಲವೇ ಓಮ್ ಬರಬೇಕು. ಈಗ ಇಓಎಸ್ ಪಾಯಿಂಟ್‌ಗಳ ನಡುವೆ ಒಂದು ಕಾಗದದ ಚೂರು ತೂರಿಸಿ. ಅಳತೆ ನೂರರ ಆಸುಪಾಸಿಗೋ ಅದಕ್ಕೂ ಮೇಲಕ್ಕೋ ಜಿಗಿದರೆ ಎರಡೂ ಸುರುಳಿ ಸರಿಯಿವೆ. ಕಾಗದ ಇಡುವ ಮೊದಲೇ ಅಳತೆ ದೊಡ್ಡದಿದ್ದರೆ ಇಓಎಸ್ ಕೂಡುತ್ತಿಲ್ಲ. ಕಾಗದ ಇಟ್ಟಾಗ ಅಳತೆಯೇ ಬರದಿದ್ದರೆ ಹಿಡಿಯುವ ಸುರುಳಿ ತುಂಡಾಗಿದೆ.

ದೊಡ್ಡ ಕರೆಂಟ್ ಹರಿಯುವ ಹಳೆಯ ಪಾಯಿಂಟ್‌ಗಳನ್ನು ಸಣ್ಣ ಅರದಿಂದ ಹಗುರವಾಗಿ ಉಜ್ಜಿ ಸ್ವಚ್ಛ ಮಾಡಬಹುದು. ಉಪ್ಪುಕಾಗದ ಬೇಡ, ಅದರ ಹರಳು ನಡುವೆ ಉಳಿಯುತ್ತದೆ. ಚಿನ್ನದ ಲೇಪವಿರುವ ತೆಳು ಪಾಯಿಂಟ್‌ಗಳಿಗೆ ಅರ ತಾಗಿಸಲೇಬೇಡಿ. 1990ರ ದಶಕದಲ್ಲಿ ಬಂದ, ಕಂಪ್ಯೂಟರ್ ನಿಯಂತ್ರಿಸುವ ಫ್ಲಿಪ್ಪರ್‌ಗಳ ಇಓಎಸ್ ಈ ಬಗೆಯದು.

ಎಣ್ಣೆ ಬಿಟ್ಟರೆ ಏನಾಗುತ್ತದೆ?

ಪ್ಲಂಜರ್ ಒಣಗಿದ ಕೊಳವೆಯಲ್ಲೇ ಓಡಲೆಂದು ಮಾಡಿದ್ದು. ಎಣ್ಣೆ ಬಿಟ್ಟರೆ ಒಂದೆರಡು ದಿನ ಚುರುಕಾದಂತೆ ಕಾಣುತ್ತದೆ. ಆಮೇಲೆ ಅದು ಧೂಳಿನ ಜೊತೆ ಸೇರಿ ಅಂಟಾಗಿ ಪ್ಲಂಜರನ್ನೇ ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳಲ್ಲಿ ಬೆಂಕಿ ಹೊತ್ತುವ ದ್ರವವಿರುತ್ತದೆ. ಪಕ್ಕದಲ್ಲೇ ಕಿಡಿ ಹಾರುವ ಸ್ವಿಚ್ ಇದೆ ಎಂಬುದನ್ನು ಮರೆಯಬಾರದು. ಕೊಳವೆ ಸವೆದಿದ್ದರೆ ಅದನ್ನು ಬದಲಿಸುವುದೇ ಪರಿಹಾರ.

ದೊಡ್ಡ ಫ್ಯೂಸ್ ಹಾಕಬಹುದೇ?

ಖಂಡಿತ ಬೇಡ. ಇಓಎಸ್ ತೆರೆದುಕೊಳ್ಳದೆ ಹೋದರೆ, ಗುಂಡಿ ಒತ್ತಿದಷ್ಟು ಹೊತ್ತೂ ಆ 500 ವಾಟ್ ಪೂರ್ತಿ ಶಾಖವಾಗುತ್ತದೆ. ಕೊಳವೆ ಕರಗುತ್ತದೆ, ಕಾಯಿಲ್ ಹೊಗೆಯಾಡುತ್ತದೆ, ಸುತ್ತ ಇರುವುದು ಮರದ ಪೆಟ್ಟಿಗೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಅದು ಹೇಳುತ್ತಿರುವುದು ಇದನ್ನೇ. ಅದರ ಬಾಯಿ ಮುಚ್ಚಿಸುವ ಬದಲು ಫ್ಲಿಪ್ಪರನ್ನು ಕೈಯಿಂದ ಪೂರ್ತಿ ಎತ್ತಿ, ಇಓಎಸ್ ಪಾಯಿಂಟ್‌ಗಳು ಬೇರೆಯಾಗುತ್ತವೆಯೇ ನೋಡಿ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಯಂತ್ರವನ್ನು ನಮ್ಮ 230 ವೋಲ್ಟ್ ಸಾಕೆಟ್‌ಗೆ ನೇರವಾಗಿ ಚುಚ್ಚಲೂಬಾರದು.

ತೀರ್ಮಾನ

ಸೋತ ಫ್ಲಿಪ್ಪರ್‌ನಲ್ಲಿ ಮೊದಲು ಅನುಮಾನಿಸಬೇಕಾದ್ದು ಕಾಯಿಲನ್ನಲ್ಲ. ಪಾಯಿಂಟ್‌ಗಳನ್ನು, ನಂತರ ಸವೆಯುವ ಭಾಗಗಳನ್ನು. ಕಾಯಿಲ್ ಸತ್ತಿದೆ ಎಂದು ಮೀಟರ್ ಹೇಳಿದ ಮೇಲೆ ಬದಲಿಸಿ. ಹಾಗೆ ಬದಲಿಸಿದರೂ ಅದನ್ನು ಸುಟ್ಟ ಸ್ವಿಚ್ಚನ್ನು ಸರಿಪಡಿಸದೆ ಯಂತ್ರ ಚಾಲೂ ಮಾಡಬೇಡಿ. ಹೊಸ ಕಾಯಿಲ್ ಕೂಡ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.