ಕ್ಯಾಡ್: ಸ್ವಯಂಶಿಕ್ಷಣಾರ್ಥಿಗೆ ಒಂದು ಪ್ರವೇಶ

ಯಂತ್ರದ ಭಾಗವೊಂದನ್ನು ಲೋಹದಲ್ಲಿ ಕಡೆಯುವುದಕ್ಕೆ ಮೊದಲು ಅದರ ಆಕಾರ, ಅಳತೆ, ರಂಧ್ರ, ಅಂಚುಗಳೆಲ್ಲವನ್ನೂ ರೇಖೆಗಳಲ್ಲಿ ನಿರೂಪಿಸಿಡುವ ವಿದ್ಯೆಯು ಬಹುಕಾಲ ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಸೆಟ್‌ಸ್ಕ್ವೇರು, ಕೈವಾರ, ಟ್ರೇಸಿಂಗ್ ಕಾಗದಗಳ ಆಶ್ರಯದಲ್ಲಿಯೇ ಬೆಳೆದುಬಂದಿತು. ಮಸಿಯಲ್ಲಿ ಎಳೆದ ಗೆರೆಯೊಂದು ತಪ್ಪಿದರೆ ಅದನ್ನು ಬ್ಲೇಡಿನ ಅಂಚಿನಿಂದ, ಕಾಗದ ಹರಿಯದಂತೆ, ಉಸಿರು ಬಿಗಿಹಿಡಿದು ಕೆರೆದು ತೆಗೆಯಬೇಕಾಗಿತ್ತು. ಅಳತೆಯೊಂದು ಬದಲಾಯಿತೆಂದರೆ ಅದನ್ನು ಅವಲಂಬಿಸಿದ ಮುನ್ನೋಟ, ಮೇಲ್ನೋಟ, ಪಾರ್ಶ್ವನೋಟಗಳನ್ನೆಲ್ಲ ತಿದ್ದಬೇಕಾಗಿತ್ತು. ಆ ವಿದ್ಯೆಯೇ ಇಂದು ಕಂಪ್ಯೂಟರಿನ ಪರದೆಗೆ ಬಂದು, ಕ್ಯಾಡ್ (ಕಂಪ್ಯೂಟರ್ ಏಡೆಡ್ ಡಿಸೈನ್, ಅಂದರೆ ಕಂಪ್ಯೂಟರ್ ನೆರವಿನ ವಿನ್ಯಾಸ) ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾಗಿದೆ. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಬಡಗಿ, ತನ್ನ ಪಂಪಿನ ಮುರಿದ ಬಿಡಿಭಾಗಕ್ಕೆ ಬದಲಿ ಹುಡುಕಿ ಬೇಸತ್ತ ಕೃಷಿಕ, ಹೈಸ್ಕೂಲಿನ ಕುತೂಹಲಿ ಬಾಲಕಿ, ಇವರಲ್ಲಿ ಯಾರೇ ಆದರೂ ತಮ್ಮಷ್ಟಕ್ಕೆ ತಾವೇ ಕಲಿತುಕೊಳ್ಳಬಹುದಾದ ವಿದ್ಯೆ ಇದೆಂಬ ದೃಢವಾದ ನಂಬಿಕೆಯಿಂದ ಈ ಪರಿಚಯವನ್ನು ಬರೆಯುತ್ತಿದ್ದೇನೆ.

ಇದರ ಮೂಲವನ್ನು ಅರಸಿ ಹೊರಟವರು 1963ರ ಅಮೆರಿಕಕ್ಕೆ ಹೋಗಬೇಕಾಗುತ್ತದೆ. ಆ ವರ್ಷ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಇವಾನ್ ಸದರ್ಲೆಂಡ್ ಎಂಬ ತರುಣನು ಒಪ್ಪಿಸಿದ ಪ್ರಬಂಧದ ವಿಷಯ, ಸ್ಕೆಚ್‌ಪ್ಯಾಡ್ ಎಂದು ಅವನು ಹೆಸರಿಟ್ಟ ಒಂದು ಕ್ರಮವಿಧಿ. ಟಿಎಕ್ಸ್-2 ಎಂಬ ಗಣಕಯಂತ್ರದ ಪುಟ್ಟ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಸೊಟ್ಟಪಟ್ಟ ಆರು ಗೆರೆಗಳನ್ನು ಎಳೆದು, ಅವುಗಳ ಮೂಲೆಗಳು ಒಂದು ವೃತ್ತದ ಮೇಲಿರಬೇಕೆಂದೂ ಬಾಹುಗಳೆಲ್ಲ ಸಮವಾಗಿರಬೇಕೆಂದೂ ಆಜ್ಞಾಪಿಸಿದರೆ, ಆ ಸೊಟ್ಟ ಆಕೃತಿಯು ತಾನಾಗಿಯೇ ನೆಟ್ಟಗಾಗಿ ನಿರ್ದುಷ್ಟವಾದ ಷಟ್ಕೋನವಾಗಿ ನಿಲ್ಲುತ್ತಿತ್ತು. ಮುಂದೆ 1988ರಲ್ಲಿ ಸದರ್ಲೆಂಡರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಕ್ಯಾಡ್ ವಿದ್ಯೆಯ ಮರ್ಮವೆಲ್ಲ ಆ ಷಟ್ಕೋನದಲ್ಲಿಯೇ ಅಡಗಿದೆಯೆಂಬುದು ನನ್ನ ಅಭಿಪ್ರಾಯ. ಗೆರೆಯನ್ನು ಅಂದವಾಗಿ ಎಳೆಯುವುದು ಇಲ್ಲಿ ಕಲಾವಿದನ ಹೊಣೆಯಲ್ಲ. ಯಾವ ಗೆರೆಗೆ ಯಾವುದರೊಡನೆ ಎಂಥ ಸಂಬಂಧವಿರಬೇಕೆಂಬುದನ್ನು ನಿರ್ಧರಿಸಿ ಹೇಳುವುದೇ ಅವನ ಹೊಣೆ. ಕೈಯಲ್ಲಿ ಚಿತ್ರಕಲೆ ಇಲ್ಲವೆಂದು ಹಿಂಜರಿಯುವವರು ಈ ಒಂದು ಮಾತನ್ನು ಅವಶ್ಯವಾಗಿ ಗಮನಿಸಬೇಕು.

ಅನಂತರದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ದೊಡ್ಡ ವಿಮಾನ, ಮೋಟಾರು ಕಂಪನಿಗಳ ಸೊತ್ತಾಗಿದ್ದ ಈ ಸೌಕರ್ಯವನ್ನು 1982ರ ಕೊನೆಯಲ್ಲಿ ಆಟೋಕ್ಯಾಡ್ ಎಂಬ ತಂತ್ರಾಂಶವು ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ ಇಳಿಸಿತು. 1988ರಲ್ಲಿ ಬಂದ ಪ್ರೊ-ಇಂಜಿನಿಯರ್, ಒಂದು ಅಂಕಿಯನ್ನು ಬದಲಿಸಿದೊಡನೆ ಇಡೀ ಘನಾಕೃತಿಯೇ ಅದಕ್ಕನುಸಾರವಾಗಿ ಬದಲಾಗುವ ಪದ್ಧತಿಯನ್ನು ರೂಢಿಗೆ ತಂದಿತು. ಆದರೆ ಇವುಗಳ ಬೆಲೆ ಸಾಮಾನ್ಯನ ಕೈಗೆ ಎಟುಕುವಂತಿರಲಿಲ್ಲ. ಆ ಕೊರತೆಯನ್ನು ನೀಗಿದ ಉದ್ಯಮಗಳಲ್ಲಿ ನನಗೆ ಅತ್ಯಂತ ಆದರಣೀಯವಾಗಿ ಕಾಣುವುದು ಫ್ರೀಕ್ಯಾಡ್. 2002ರಲ್ಲಿ ಮೊದಲು ಪ್ರಕಟವಾಗಿ, ದೇಶವಿದೇಶಗಳ ಸ್ವಯಂಸೇವಕರ ಪರಿಶ್ರಮದಿಂದ ಮೆಲ್ಲಮೆಲ್ಲನೆ ಬೆಳೆದು, 2024ರ ನವೆಂಬರಿನಲ್ಲಿ ತನ್ನ 1.0 ಆವೃತ್ತಿಯನ್ನು ಹೊರತಂದ ಈ ತಂತ್ರಾಂಶಕ್ಕೆ ಯಾರೂ ಒಂದು ಕಾಸನ್ನೂ ತೆರಬೇಕಾಗಿಲ್ಲ. ಎರಡು ದಶಕಗಳಿಗೂ ಮಿಕ್ಕ ಕಾಲ, ತಾನು ಕಂಡರಿಯದ ಕಲಿಕೆಗಾರನಿಗಾಗಿ ಇಂಥದೊಂದನ್ನು ಕಟ್ಟುತ್ತ ಕುಳಿತವರ ಔದಾರ್ಯವನ್ನು ನೆನೆಯದೆ ಮುಂದುವರಿಯಲಾರೆ.

ಇನ್ನು ಕಲಿಕೆಯ ಮಾತು. ಮೊದಲ ಅಭ್ಯಾಸಕ್ಕೆ 60 ಮಿಲಿಮೀಟರ್ ಉದ್ದ, 40 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪವಿರುವ, ಎರಡು ರಂಧ್ರಗಳುಳ್ಳ ಒಂದು ಕಬ್ಬಿಣದ ತಟ್ಟೆ ಸಾಕು. ಫ್ರೀಕ್ಯಾಡಿನ ಸ್ಕೆಚರ್ ವಿಭಾಗವನ್ನು ತೆರೆದು ನಾಲ್ಕು ಗೆರೆಗಳನ್ನು ಬೇಕಾದಂತೆ ಎಳೆಯಿರಿ. ಒಂದೊಂದು ಗೆರೆಗೂ ಎರಡು ತುದಿಗಳು, ಒಂದೊಂದು ತುದಿಯೂ ಅಡ್ಡಕ್ಕೂ ಉದ್ದಕ್ಕೂ ಸರಿಯಬಲ್ಲುದು. ಆದುದರಿಂದ ನಾಲ್ಕು ಗೆರೆಗಳಿಗೆ ಒಟ್ಟು 16 ಬಗೆಯ ಚಲನಸ್ವಾತಂತ್ರ್ಯ. ತುದಿಗಳನ್ನು ಒಂದಕ್ಕೊಂದು ಕೂಡಿಸಿದರೆ ಉಳಿಯುವುದು 8. ಎರಡು ಗೆರೆಗಳು ಅಡ್ಡವಾಗಿಯೂ ಎರಡು ಲಂಬವಾಗಿಯೂ ಇರಬೇಕೆಂದರೆ 4. ಎದುರುಬದುರಿನ ಎರಡು ಮೂಲೆಗಳು ಮೂಲಬಿಂದುವಿನ ಇಕ್ಕೆಲಗಳಲ್ಲಿ ಸಮದೂರದಲ್ಲಿರಬೇಕೆಂದರೆ 2. ಉದ್ದ 60, ಅಗಲ 40 ಎಂದು ಅಂಕಿ ತುಂಬಿದೊಡನೆ ಶೂನ್ಯ. ಆ ಕ್ಷಣಕ್ಕೆ ಗೆರೆಗಳೆಲ್ಲ ಹಸಿರು ಬಣ್ಣಕ್ಕೆ ತಿರುಗುತ್ತವೆ. ಇನ್ನು ಆಕೃತಿಯನ್ನು ಮೌಸಿನಿಂದ ಎಷ್ಟು ಎಳೆದರೂ ಅದು ಕದಲದು.

ರಂಧ್ರಗಳಿಗೂ ಇದೇ ಗಣಿತ. ಒಂದು ವೃತ್ತಕ್ಕೆ ಕೇಂದ್ರದ ಎರಡು ಚಲನೆಗಳು, ತ್ರಿಜ್ಯದ್ದೊಂದು. ಎರಡು ವೃತ್ತಗಳಿಗೆ 6. ಎರಡೂ ಸಮವೆಂದರೆ 5, ಕೇಂದ್ರಗಳು ನಡುವಿನ ಲಂಬಾಕ್ಷಕ್ಕೆ ಸಮ್ಮಿತವೆಂದರೆ 3, ಒಂದು ಕೇಂದ್ರವು ಅಡ್ಡಾಕ್ಷದ ಮೇಲಿದೆಯೆಂದರೆ 2. ಮಿಕ್ಕವು ರಂಧ್ರಗಳ ಅಂತರ ಮತ್ತು ವ್ಯಾಸ. ಇಷ್ಟಾದ ಮೇಲೆ ಪ್ಯಾಡ್ ಎಂಬ ಆಜ್ಞೆಯಿಂದ 5 ಮಿಲಿಮೀಟರ್ ಎತ್ತಿದರೆ ತಟ್ಟೆ ಘನರೂಪವನ್ನು ತಾಳುತ್ತದೆ. ಆಮೇಲೆ ಹಿಂದಿರುಗಿ ಉದ್ದವನ್ನು 90ಕ್ಕೆ ತಿದ್ದಿ ನೋಡಬೇಕು: ರಂಧ್ರಗಳು ನಡುವನ್ನು ಬಿಡದೆ, ಸಮತೆಯನ್ನು ಕೆಡಿಸದೆ, ತಮ್ಮ ಸ್ಥಾನದಲ್ಲಿಯೇ ಇರುತ್ತವೆ. ಹಾಗಿರದೆ ಅತ್ತಿತ್ತ ಓಡಿದರೆ, ನಾವು ಮನಸ್ಸಿನಲ್ಲಿಟ್ಟುಕೊಂಡಿದ್ದ ಸಂಬಂಧವನ್ನು ಯಂತ್ರಕ್ಕೆ ಹೇಳಿಲ್ಲವೆಂದೇ ಅರ್ಥ. ಈ ತಿದ್ದಿ ನೋಡುವ ಪರೀಕ್ಷೆಯೇ ಒಂಟಿಯಾಗಿ ಕಲಿಯುವವನ ಪಾಲಿನ ಗುರು. ಇದಕ್ಕಿಂತ ನಿಷ್ಠುರನಾದ, ಇದಕ್ಕಿಂತ ಸಹನಶೀಲನಾದ ಉಪಾಧ್ಯಾಯನನ್ನು ನಾನು ಕಾಣೆ.

ರಂಧ್ರದ ವ್ಯಾಸವೆಷ್ಟಿರಬೇಕೆಂಬ ಪ್ರಶ್ನೆಗೆ ಮಾತ್ರ ತಂತ್ರಾಂಶವೊಂದರಿಂದಲೇ ವಿವೇಕ ಹುಟ್ಟದು. 6 ಮಿಲಿಮೀಟರ್ ಬೋಲ್ಟು ಸಲೀಸಾಗಿ ತೂರಬೇಕಾದರೆ ರಂಧ್ರ 6 ಇದ್ದರೆ ಸಾಲದು; ಸಾಧಾರಣ ಕೆಲಸಕ್ಕೆ ಅಂತರರಾಷ್ಟ್ರೀಯ ಮಾನಕ ವಿಧಿಸುವುದು 6.6. ಇಂಥ ಸಂಗತಿಗಳು ವರ್ನಿಯರ್ ಕ್ಯಾಲಿಪರನ್ನು ಕೈಯಲ್ಲಿ ಹಿಡಿದು ನಟ್ಟು, ಬೋಲ್ಟು, ಬಿಜಾಗರಿಗಳನ್ನು ಅಳೆದವನಿಗೆ ತಾವಾಗಿಯೇ ಹೊಳೆಯುತ್ತವೆ. ಆದುದರಿಂದ ಹೊಸಬನು ಕೊಳ್ಳಬೇಕಾದ ಮೊದಲ ವಸ್ತು ವೇಗದ ಕಂಪ್ಯೂಟರಲ್ಲ, ಒಂದು ಒಳ್ಳೆಯ ಕ್ಯಾಲಿಪರ್ ಎಂಬುದು ನನ್ನ ಖಚಿತವಾದ ಸಲಹೆ.

ಕ್ರಮವೂ ಮುಖ್ಯ. ಕ್ಯಾಡಿನಲ್ಲಿ ಒಂದು ಹೆಜ್ಜೆಯ ಮೇಲೆ ಇನ್ನೊಂದು ನಿಲ್ಲುವುದರಿಂದ, ಮಾಳಿಗೆ ಕಟ್ಟಿದ ಮೇಲೆ ತಳಪಾಯವನ್ನು ಕದಲಿಸಿದಂತೆ, ಮೊದಲ ಆಕೃತಿಯನ್ನು ತಿದ್ದಿದಾಗ ಮೇಲಿನವು ಕುಸಿಯುವುದುಂಟು. ಫ್ರೀಕ್ಯಾಡಿನ ಹಿಂದಿನ ಆವೃತ್ತಿಗಳಲ್ಲಿ ಈ ತೊಡಕು ಬಹಳವಾಗಿತ್ತು, 1.0ರಲ್ಲಿ ಬಹುಮಟ್ಟಿಗೆ ಪರಿಹಾರವಾಗಿದೆ. ಆದರೂ ಹೊಸ ಸ್ಕೆಚ್ಚುಗಳನ್ನು ಘನದ ಮುಖಗಳಿಗಿಂತ ಮೂಲಸಮತಲಗಳಿಗೇ ಆದಷ್ಟು ಅಂಟಿಸುವುದು, ಅಂಚುಗಳನ್ನು ದುಂಡಗೆ ಮಾಡುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಮೊದಲ ವಾರದಲ್ಲಿಯೇ ವಿಮಾನವನ್ನೋ ರೋಬೋಟನ್ನೋ ನಿರ್ಮಿಸಹೊರಟು, ಅರ್ಧದಲ್ಲಿ ಕೈಬಿಟ್ಟು, ಇದು ತನ್ನಿಂದಾಗದ ಕೆಲಸವೆಂದು ವಿಷಾದಿಸುವವರನ್ನು ಕಂಡಾಗ ನನಗೆ ನಿಜವಾಗಿಯೂ ದುಃಖವಾಗುತ್ತದೆ. ಅವರಲ್ಲಿ ಶಕ್ತಿಗೆ ಕೊರತೆಯಿರಲಿಲ್ಲ, ಆರಿಸಿಕೊಂಡ ವಸ್ತು ಮಾತ್ರ ಅಕಾಲಿಕವಾಗಿತ್ತು.

ಹಳೆಯ ನಕ್ಷೆಯ ವಿದ್ಯೆ ಇದರಿಂದ ಅನಾವಶ್ಯಕವಾಯಿತೆಂದು ಯಾರೂ ಭಾವಿಸಬಾರದು. ಬೆಂಗಳೂರಿನ ಪೀಣ್ಯದ ವರ್ಕ್‌ಶಾಪಿಗೆ ಕೆಲಸ ಒಪ್ಪಿಸಲು ಹೋದರೆ ಅಲ್ಲಿನ ಟರ್ನರು ಮೊದಲು ಕೇಳುವುದು ಅಳತೆ ಬರೆದ ಡ್ರಾಯಿಂಗನ್ನೇ. ಭಾರತದಲ್ಲಿ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ರೂಢಿಯಲ್ಲಿರುವುದರಿಂದ ಮೇಲ್ನೋಟವು ಮುನ್ನೋಟದ ಕೆಳಗೆ ಬರುತ್ತದೆ, ಅಮೆರಿಕದ ಪದ್ಧತಿಯಲ್ಲಿ ಅದು ಮೇಲೆ ಬರುತ್ತದೆ ಎಂಬಷ್ಟನ್ನಾದರೂ ಅರಿಯದವನ ನಕ್ಷೆಯಿಂದ ತಿರುಗುಮುರುಗಾದ ಭಾಗ ತಯಾರಾದೀತು. ಈ ಅಡಿಪಾಠವನ್ನು ಕ್ರಮವಾಗಿ ಕಲಿಯಬಯಸುವವರಿಗೆ ಐಟಿಐಗಳ ಡ್ರಾಫ್ಟ್ಸ್‌ಮನ್ ತರಬೇತಿ ಇದೆ. ಡೆನ್ಮಾರ್ಕ್ ಸರ್ಕಾರದ ಸಹಯೋಗದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಇಂದು ರಾಜ್ಯದ ಹಲವು ಊರುಗಳಲ್ಲಿ ಶಾಖೆಗಳನ್ನು ಹೊಂದಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಇದೆ. ಅಲ್ಲಿಗೆ ಹೋಗಲು ಅನುಕೂಲವಿಲ್ಲದವರು ಇಂಜಿನಿಯರಿಂಗ್ ಡ್ರಾಯಿಂಗಿನ ಒಂದು ಪಠ್ಯಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡರೂ ಆದೀತು.

ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಮನೆಯ ಗೋಡೆಯ ಶೆಲ್ಫಿಗೆ ಆಧಾರವಾಗಿರುವ ಬ್ರಾಕೆಟ್ಟನ್ನೋ ಬಾಗಿಲಿನ ಚಿಲಕವನ್ನೋ ಈ ಭಾನುವಾರವೇ ಅಳೆದು, ಮೊದಲು ಪೆನ್ಸಿಲಿನಿಂದ ಕಾಗದದ ಮೇಲೆ ಮೂರು ನೋಟಗಳನ್ನು ಬರೆದುಕೊಂಡು, ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. ಫ್ರೀಕ್ಯಾಡ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ಇಂಥ ಸಣ್ಣ ಭಾಗಗಳಿಗೆ ಮನೆಯಲ್ಲಿರುವ ಸಾಧಾರಣ ಲ್ಯಾಪ್‌ಟಾಪು ಧಾರಾಳವಾಗಿ ಸಾಕು.