ಸಾಯದ ರಾಜ, ಬಿಡದ ಭಯ

ದೆವ್ವದ ಕಥೆಗೆ ಎರಡನೆಯ ಭಾಗ ಮಾಡುವುದು ಸುಲಭವಲ್ಲ. ಮುಚ್ಚಿದ ಬಾಗಿಲ ಹಿಂದೆ ಏನಿದೆಯೋ ಎಂಬ ಅಳುಕೇ ಮೊದಲ ಭಾಗದ ಬಂಡವಾಳ. ಎರಡನೆಯ ಭಾಗಕ್ಕೆ ಬರುವ ಪ್ರೇಕ್ಷಕ ಆ ಬಾಗಿಲನ್ನು ಆಗಲೇ ತೆರೆದು ನೋಡಿರುತ್ತಾನೆ. ಗಿಲೆರ್ಮೊ ಡೆಲ್ ಟೊರೊ 2002ರಲ್ಲಿ ನಿರ್ದೇಶಿಸಿದ ‘ಬ್ಲೇಡ್ 2’, ರಕ್ತಪಿಶಾಚಿಗಳನ್ನೇ ಬೇಟೆಯಾಡುವ ಇನ್ನೂ ಭೀಕರವಾದ ಪಿಶಾಚಿ ಕುಲವೊಂದನ್ನು ಸೃಷ್ಟಿಸಿ ಈ ತೊಡಕನ್ನು ದಾಟಿತು. ಕನ್ನಡದಲ್ಲಿ ಇಂಥದೇ ಸವಾಲಿಗೆ ಎದುರಾದದ್ದು ಪಿ. ವಾಸು ನಿರ್ದೇಶನದ ‘ಆಪ್ತರಕ್ಷಕ’. 2010ರ ಫೆಬ್ರುವರಿಯಲ್ಲಿ ತೆರೆಕಂಡ ಈ ಚಿತ್ರದಲ್ಲಿ ರಕ್ತ ಹೀರುವ ಪಿಶಾಚಿಯಿಲ್ಲ. ಆದರೆ ನೂರು ವರ್ಷ ಮೀರಿಯೂ ಸಾಯದ, ಕೈಯಿಂದ ಕತ್ತಿ ಇಳಿಸದ ರಾಜನೊಬ್ಬನಿದ್ದಾನೆ.

ಈ ಚಿತ್ರದ ಗುಣದೋಷಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ನಿಂತು ತೂಗಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿದೆ. ನಮ್ಮ ಊರುಗಳಲ್ಲಿ ಹಾಳುಬಿದ್ದ ವಾಡೆಯೂ, ಅದಕ್ಕೆ ಅಂಟಿಕೊಂಡ ದೆವ್ವದ ಕಥೆಯೂ ಅಪರೂಪವಲ್ಲ. ‘ಗಾಳಿ ಸೋಕಿದೆ’ ಎಂಬುದು ಇಲ್ಲಿ ಮನೆಮನೆಯ ಮಾತು. ತೆರೆಯ ಮೇಲಿನ ದೆವ್ವ ಚಿತ್ರಮಂದಿರದಲ್ಲೇ ಉಳಿಯದೆ ಪ್ರೇಕ್ಷಕನೊಂದಿಗೆ ಮನೆಗೂ ಬರುತ್ತದೆ.

ಮೊದಲ ಭಾಗವಾದ ‘ಆಪ್ತಮಿತ್ರ’ ಬಂದದ್ದು 2004ರಲ್ಲಿ. ಫಾಜಿಲ್ ನಿರ್ದೇಶಿಸಿದ ಮಲಯಾಳದ ‘ಮಣಿಚಿತ್ರತ್ತಾಳ್’ (1993) ಅದಕ್ಕೆ ಮೂಲ. ಅರಮನೆಯೊಂದಕ್ಕೆ ಬಂದ ಗೃಹಿಣಿ ಗಂಗಾ, ಎಂದೋ ಕೊಲೆಯಾದ ನರ್ತಕಿ ನಾಗವಲ್ಲಿ ತಾನೇ ಎಂಬಂತೆ ವರ್ತಿಸತೊಡಗುತ್ತಾಳೆ. ಇದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎಂದು ಮನೋವೈದ್ಯ ವಿಜಯ್ ಗುರುತಿಸುತ್ತಾನೆ. ದೆವ್ವದ ಚಿತ್ರವೆಂದು ಟಿಕೆಟ್ ಕೊಂಡವರಿಗೆ ದೆವ್ವವೇ ಇಲ್ಲವೆಂದು ಹೇಳಿ, ಆದರೂ ಅವರನ್ನು ತೃಪ್ತಿಪಡಿಸಿ ಕಳುಹಿಸಿದ್ದು ಆ ಚಿತ್ರದ ಸಾಧನೆ. ಅದು ಬಿಡುಗಡೆಯಾಗುವ ಮೊದಲೇ, ಏಪ್ರಿಲ್ ತಿಂಗಳ ವಿಮಾನ ದುರಂತದಲ್ಲಿ ಸೌಂದರ್ಯಾ ತೀರಿಕೊಂಡಿದ್ದರು.

‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟ ಇನ್ನೊಂದು ಮನೆಗೆ ಬರುತ್ತದೆ, ಅದರ ಬೆನ್ನಿಗೆ ಭಯವೂ ಬರುತ್ತದೆ. ಚಿತ್ರದ ದೊಡ್ಡ ಶಕ್ತಿ ವಿಷ್ಣುವರ್ಧನ್. ವೈದ್ಯನಾಗಿ ಸಂಯಮ, ವಿಜಯ ರಾಜೇಂದ್ರ ಬಹಾದ್ದೂರನಾಗಿ ಅಬ್ಬರ. ನಮ್ಮ ಕಡೆಯ ದೊಡ್ಡಾಟದ ರಾಕ್ಷಸ ಪಾತ್ರ ರಂಗಕ್ಕೆ ಬಂದಾಗ ಹಲಗೆಗಳೇ ನಡುಗುವಂತೆ ಆ ರಾಜನ ಪ್ರವೇಶ. ಅವನ ‘ಹೌಲಾ ಹೌಲಾ’ ಎಂಬ ಉದ್ಗಾರ ಇಂದಿಗೂ ಜನರ ಬಾಯಲ್ಲಿದೆ. ಇದು ಅವರ ಇನ್ನೂರನೆಯ ಚಿತ್ರ, ಕೊನೆಯದೂ ಹೌದು. 2009ರ ಡಿಸೆಂಬರ್ 30ರಂದು ಅವರು ಅಗಲಿದ್ದರು. ಇಲ್ಲದ ನಟ ಸಾವಿಲ್ಲದ ರಾಜನಾಗಿ ಗರ್ಜಿಸುವುದನ್ನು ಕಂಡವರು ಚಿತ್ರದ ಕೊರತೆಗಳನ್ನು ಲೆಕ್ಕ ಹಾಕುವ ಮನಃಸ್ಥಿತಿಯಲ್ಲಿರಲಿಲ್ಲ. ಅದು ಸಹಜವೇ.

ಎರಡನೆಯ ಗುಣ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಮೊದಲ ಭಾಗದಲ್ಲಿ ಭಯದ ಭಾರವನ್ನೆಲ್ಲ ಹೊತ್ತವಳು ಹೆಣ್ಣು. ಅವಳ ಪ್ರಿಯಕರನನ್ನೂ ಅವಳನ್ನೂ ಕೊಂದವನು ಬರಿಯ ಹಳೆಯ ಕಥೆ. ಎರಡನೆಯ ಭಾಗ ಅವನನ್ನು ಅಡಗುದಾಣದಿಂದ ಹೊರಗೆಳೆದು ಅಪರಾಧಿಯಾಗಿ ನಿಲ್ಲಿಸುತ್ತದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಸೃಷ್ಟಿಸಿದ ಡ್ರಾಕುಲಾ ಕೂಡ ಕೋಟೆಯಲ್ಲಿ ಕುಳಿತು ಪರರ ಜೀವದ ಮೇಲೆ ಬದುಕುವ ಸಿರಿವಂತ ದೊರೆಯೇ. ನಿಜಾಮರ ಕಾಲದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದ ಕೊಪ್ಪಳದಲ್ಲಿ ‘ಬಹಾದ್ದೂರ್’ ಎಂಬ ಬಿರುದಿನ ದರ್ಪವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸಾವಿಲ್ಲದವರೆಂದರೆ ನಮಗೆ ಸ್ವತಃ ಭಯವೂ ಇಲ್ಲ. ಗಂಗಾವತಿ ಬಳಿಯ ಅಂಜನಾದ್ರಿಯಲ್ಲಿ ಜನಿಸಿದನೆಂದು ಭಕ್ತರು ನಂಬುವ ಆಂಜನೇಯ ಚಿರಂಜೀವಿಯೇ. ಅಲ್ಲಿ ಚಿರಂಜೀವಿತ್ವ ಸೇವೆಗೆ ಸಂದ ವರ. ಈ ರಾಜನಲ್ಲಿ ಅದು ಅಧಿಕಾರ ಬಿಡಲೊಲ್ಲದ ಹಟ. ಖಳನ ಕಲ್ಪನೆ ಗಟ್ಟಿಯಾಗಿದೆ.

ದೋಷ ಇಣುಕುವುದೂ ಇದೇ ಬಾಗಿಲಿನಿಂದ. ರಾಜ ನಿಜವಾಗಿಯೂ ಬದುಕಿದ್ದಾನೆ ಎಂದೊಡನೆ ಮೊದಲ ಭಾಗ ಶ್ರಮಪಟ್ಟು ಕಟ್ಟಿದ ತರ್ಕ ಕುಸಿಯುತ್ತದೆ. ದೈತ್ಯ ಸರ್ಪ, ತಾಂತ್ರಿಕ ಶಕ್ತಿ, ಚಿತ್ರಪಟದ ಶಾಪಗಳ ನಡುವೆ ವೈದ್ಯನ ವಿವರಣೆ ಬಾಯಿಮಾತಾಗುತ್ತದೆ. ಕೊನೆಗೆ ಗೆಲ್ಲಬೇಕಾದ ಚಿಕಿತ್ಸೆಯ ಜಾಗದಲ್ಲಿ ಕಾಳಗ ನಡೆಯುತ್ತದೆ. ‘ಆಪ್ತಮಿತ್ರ’ದಲ್ಲಿ ಆಚಾರ್ಯರ ಪೂಜೆ ವೈದ್ಯನ ಉಪಾಯಕ್ಕೆ ನೆರವಾಗಿತ್ತು, ಇಲ್ಲಿ ವೈದ್ಯನೇ ಪವಾಡದ ಲೋಕಕ್ಕೆ ಅತಿಥಿ. ಹಾಸ್ಯ ಪ್ರಸಂಗಗಳು ಅನಗತ್ಯವಾಗಿ ಹಿಗ್ಗಿವೆ ಎಂಬುದು ಇದರ ಮುಂದೆ ಸಣ್ಣ ದೂರು. 2023ರಲ್ಲಿ ಇದೇ ನಿರ್ದೇಶಕರು ತಮಿಳಿನಲ್ಲಿ ‘ಚಂದ್ರಮುಖಿ 2’ ಮಾಡುವಾಗಲೂ ಪವಾಡದ ಹಾದಿಯನ್ನೇ ಹಿಡಿದರು.

ಸಿನಿಮಾ ಸಿನಿಮಾವಷ್ಟೇ, ಇಷ್ಟೇಕೆ ಚರ್ಚೆ ಎನ್ನಬಹುದು. ಮಂಕಾಗಿ ಕುಳಿತ ಸೊಸೆಗೆ ಅಂತ್ರ ಕಟ್ಟಿಸಬೇಕೋ, ಆಸ್ಪತ್ರೆಗೆ ಕರೆದೊಯ್ಯಬೇಕೋ ಎಂಬ ಪ್ರಶ್ನೆ ಇಂದಿಗೂ ತೀರದ ಊರುಗಳಲ್ಲಿ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ನೀಡಿ, ಮನೋರೋಗಕ್ಕೆ ಹಳ್ಳಿಯ ಹತ್ತಿರದಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆದು ಹಿಂಸಿಸುವುದನ್ನು ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನಾ ಕಾಯ್ದೆ ಅಪರಾಧವೆಂದಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕುಷ್ಟಗಿಯ ಹಳ್ಳಿಯಿಂದಲೂ ಕರೆ ಮಾಡಬಹುದು. ದಾರಿಗಳಿವೆ, ಆ ದಾರಿ ಹಿಡಿಯುವ ಧೈರ್ಯ ಕೊಡುವವರು ಬೇಕು.

‘ಆಪ್ತಮಿತ್ರ’ ಆ ಧೈರ್ಯವನ್ನು ಕೊಂಚವಾದರೂ ಕೊಟ್ಟಿತ್ತು. ‘ಆಪ್ತರಕ್ಷಕ’ ಅದಕ್ಕಿಂತ ದೊಡ್ಡ ದೃಶ್ಯವನ್ನೂ ಮರೆಯಲಾಗದ ಅಭಿನಯವನ್ನೂ ಕೊಟ್ಟಿತು. ಆದರೆ ಕೊಟ್ಟಿದ್ದ ಧೈರ್ಯವನ್ನು ಹಿಂದಕ್ಕೆ ಪಡೆಯಿತು. ಸಾಯದ ರಾಜನನ್ನು ಕೊಲ್ಲಲು ಒಬ್ಬ ನಾಯಕ ಸಾಕು. ಹೆದರಿದ ಹೆಣ್ಣುಮಗಳೊಬ್ಬಳು ಗುಣವಾಗಲು ಮನೆಯವರೆಲ್ಲ ಅವಳನ್ನು ನಂಬಬೇಕು. ಮುಂದೊಂದು ಭಾಗ ಬರುವುದಾದರೆ ಆ ಕಥೆಗಾಗಿ ನಾನು ಕಾಯುತ್ತೇನೆ.