ಹತ್ತಡಿ ಹಾಲ್‌ಗೆ ಹೋಮ್ ಥಿಯೇಟರ್: ಕಲ್ಪನೆ ಮತ್ತು ಸತ್ಯ

ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡ ರಿಸೀವರ್, ಐದು ಸ್ಪೀಕರ್, ಒಂದು ಸಬ್‌ವೂಫರ್ ಡೊಂಬಿವಲಿಯ ಫ್ಲ್ಯಾಟ್ ಸೇರಿವೆ. ಹಾಲ್‌ನ ಅಗಲ ಹತ್ತಡಿ. ಗೋಡೆಯಾಚೆ ಪಕ್ಕದ ಮನೆಯವರ ಮಂಚ. ಇಂಥಲ್ಲಿ ಸೆಟ್ಟಿಂಗ್ ಮಾಡಬೇಕಾದದ್ದು ಪೆಟ್ಟಿಗೆಗಿಂತ ಕೋಣೆಯನ್ನು ನೋಡಿ.

ಕಲ್ಪನೆ: ಸ್ಪೀಕರ್ ದೊಡ್ಡದಿದ್ದರೆ ರಿಸೀವರ್‌ನಲ್ಲಿ ‘ಲಾರ್ಜ್’ ಎಂದೇ ಆರಿಸಬೇಕು.
ಸತ್ಯ: ಇದು ಗಾತ್ರದ ಲೆಕ್ಕವಲ್ಲ, ಬಾಸ್ ಹೊರುವವರು ಯಾರು ಎಂಬ ಹಂಚಿಕೆ. ‘ಸ್ಮಾಲ್’ ಎಂದರೆ ಕ್ರಾಸ್‌ಓವರ್ ಎಂಬ ಗಡಿಯ ಕೆಳಗಿನ ದನಿ ಸಬ್‌ವೂಫರ್ ಪಾಲು. ಆ ಗಡಿಯನ್ನು 80 ಹರ್ಟ್ಸ್‌ನಿಂದ ಆರಂಭಿಸಿ. ಅಂಗೈಯಗಲದ ಸ್ಪೀಕರ್‌ಗಳಿಗೆ 100–120. ಸಬ್‌ವೂಫರ್ ಬೆನ್ನಿನ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೇರಿಸಿ. ಒಂದೇ ದನಿಯನ್ನು ಎರಡು ಜರಡಿ ಹಿಡಿದರೆ ನಡುವೆ ಹಳ್ಳ ಬೀಳುತ್ತದೆ.

ಕಲ್ಪನೆ: ಎಂಟಡಿ ದೂರದ ಸಬ್‌ವೂಫರನ್ನು ರಿಸೀವರ್ ಹದಿಮೂರಡಿ ಎಂದರೆ ಅದರ ಅಳತೆಯ ಮೈಕ್ ಕೆಟ್ಟಿದೆ.
ಸತ್ಯ: ರಿಸೀವರ್ ಅಳೆಯುವುದು ಅಡಿಯನ್ನಲ್ಲ, ದನಿ ತಲುಪಲು ಹಿಡಿದ ಹೊತ್ತನ್ನು. ಸಬ್‌ವೂಫರ್‌ನ ಒಳಗಿನ ಸರ್ಕ್ಯೂಟ್ ನಾಲ್ಕೈದು ಮಿಲಿಸೆಕೆಂಡ್ ತಡ ಮಾಡಿದರೆ ಐದಡಿ ಹೆಚ್ಚು ಕಾಣುತ್ತದೆ. ಟೇಪ್ ಹಿಡಿದು ತಿದ್ದಬೇಡಿ. ಅಳೆಯುವಾಗ ಮಾತ್ರ ಫ್ಯಾನ್ ನಿಲ್ಲಿಸಿ, ಮೈಕ್ ಕಿವಿಯೆತ್ತರದಲ್ಲಿರಲಿ, ಲೋಕಲ್ ರೈಲು ದಾಟಿಹೋಗಲಿ.

ಕಲ್ಪನೆ: ಬಾಸ್ ಕೇಳದಿದ್ದರೆ ಸಬ್‌ವೂಫರ್ ಮಟ್ಟ ಏರಿಸಿದರಾಯಿತು.
ಸತ್ಯ: ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ದನಿ ಅನುರಣಿಸುತ್ತದೆ. ಗೋಡೆಯ ಪಕ್ಕ ಅದು ಗುಂಯ್‌ಗುಡುತ್ತದೆ, ನಟ್ಟನಡುವೆ ಸೊರಗುತ್ತದೆ. ನಿಮ್ಮ ಸೋಫಾ ಆ ನಡುವಿನಲ್ಲೇ ಇದ್ದರೆ ಎಷ್ಟು ಏರಿಸಿದರೂ ಲಾಭ ಪಕ್ಕದ ಮನೆಗೇ. ಸಬ್‌ವೂಫರನ್ನು ಒಮ್ಮೆ ಸೋಫಾದ ಮೇಲಿಟ್ಟು ಹಾಡು ಹಾಕಿ, ಗೋಡೆಯಂಚಿನಲ್ಲಿ ತೆವಳುತ್ತಾ ಆಲಿಸಿ. ಬಾಸ್ ಸಮನಾಗಿ ಕೇಳಿದ ಜಾಗವೇ ಅದರ ಜಾಗ.

ಕಲ್ಪನೆ: ಫೋನ್ ಆ್ಯಪ್‌ನಲ್ಲಿ ಡೆಸಿಬಲ್ ಕಡಿಮೆಯಿದ್ದರೆ ನೆರೆಯವರಿಗೆ ತೊಂದರೆಯಿಲ್ಲ.
ಸತ್ಯ: 2000ರ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್. ಆದರೆ ಈ ಮಿತಿಗಳನ್ನು ಅಳೆಯುವ ‘ಎ’ ಮಾಪನ ಆಳದ ಬಾಸನ್ನು ಬಹಳ ಕಡಿಮೆ ಎಣಿಸುತ್ತದೆ. ಗೋಡೆ ತಡೆಯದೆ ಬಿಡುವುದೂ ಆ ಬಾಸನ್ನೇ. ಹತ್ತಾದ ಮೇಲೆ ಸಬ್‌ವೂಫರ್ ಇಳಿಸಿ, ನೈಟ್ ಮೋಡ್ ಹಾಕಿ. ಸಂಭಾಷಣೆ ಸ್ಪಷ್ಟವಾಗಿಯೇ ಕೇಳುತ್ತದೆ, ಸ್ಫೋಟಗಳಷ್ಟೇ ತಗ್ಗುತ್ತವೆ.